ಹೆಜ್ಜೆ ಎಣಿಸುವ ತಿಂಗಳು

ಬಿಕಿನ್ ಹೊಳೆಯ ಮೇಲೆ ಇನ್ನೂ ಗಟ್ಟಿ ಮಂಜುಗಡ್ಡೆ.
ಲಾರಿ ಹೋದರೂ ತಾಳುತ್ತದೆ; ಮಾತು ಮಾತ್ರ
ಬಾಯಿಂದ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ.
ನಾನು ಎಣಿಕೆಯ ಪಟ್ಟಿ ಹಿಡಿದು ಬಂದವನು, ಹೊರಗಿನವನು.
ಮುಂದೆ ಮುಂದೆ ಅಗ್ರಿಪ್ಪೀನಾ ಗೆಯೋಂಕ:
ಎಪ್ಪತ್ತೊಂದು ಚಳಿಗಾಲ, ಮುಂದಿನ ಹಲ್ಲೊಂದು ಕಡಿಮೆ,
ಕಾಲಿಗೆ ಜಿಂಕೆಚರ್ಮ ಹೊದಿಸಿದ ಹಿಮಹಲಗೆ,
ಕೈಯಲ್ಲಿ ಅಳತೆಗೆಂದು ಖಾಲಿ ಬೆಂಕಿಪೊಟ್ಟಣ.

"ಎರಡು ಪೊಟ್ಟಣ ತುಂಬದಿದ್ದರೆ ಹೆಣ್ಣು,
ಮೀರಿದರೆ ಗಂಡು, ಬರೆದುಕೋ.
ಬರಿಗಾಲ ಮನುಷ್ಯನ ಹಾಗೆ ಹಿಮ್ಮಡಿ ಊರಿದ್ದರೆ
ಬರೆಯಬೇಡ. ಅದು ಮಾಫಾ."
ಅವಳ ನುಡಿಯಲ್ಲಿ ಮಾಫಾ ಅಂದರೆ ಅಜ್ಜ,
ಕರಡಿಯೂ ಹೌದು.
ಹುಲಿಗೆ ಅಂಬಾ.
ನನ್ನ ನುಡಿಯಲ್ಲಿ ಅದು ಕರುವಿನ ಕೂಗು.
ಹೇಳೋಣವೆಂದುಕೊಂಡೆ, ಹೇಳಲಿಲ್ಲ.

ಹೋದ ಶರತ್ತಿನಲ್ಲಿ ಪೈನ್ ಮರ ಬೀಜ ಬಿಡಲಿಲ್ಲ.
ಕೊಬ್ಬಿಲ್ಲದ ಕರಡಿಗೆ ನಿದ್ದೆ ಹತ್ತುವುದಿಲ್ಲ,
ಹೆರಿಗೆ ಕೋಣೆಯಾಚೆ ಗಂಡಸಿನ ಹಾಗೆ
ಚಳಿಗಾಲವಿಡೀ ಅತ್ತಿಂದಿತ್ತ.
ಹುಲಿ ಹಸಿದರೆ ಹುಲ್ಲು ತಿನ್ನುವುದಿಲ್ಲ, ನಮ್ಮಲ್ಲೊಂದು ಗಾದೆ, ಅಂದೆ.
"ಮತ್ತೇನು ತಿನ್ನುತ್ತದಂತೆ? ಇಲ್ಲಿ ಮಲಗಿದ ಕರಡಿಯನ್ನು
ಬಿಲದಿಂದ ಎಳೆದು ತಿನ್ನುತ್ತದೆ, ಬೆನ್ನಿನ ಕೊಬ್ಬು ಮೊದಲು."
"ಮಾಫಾ ಸುಮ್ಮನಿರುತ್ತದೆಯೇ?"
"ಹಿಂಬಾಲಿಸುತ್ತದೆ. ಅಂಬಾ ಕೊಂದದ್ದನ್ನು
ಅಂಬಾನ ಮುಂದೆಯೇ ಕೂತು ಉಣ್ಣುತ್ತದೆ.
ಸೊಸೆಯ ಅಡುಗೆ, ಅತ್ತೆಯ ಊಟ."

ಮೂರನೆಯ ದಿನ ಓಕ್ ಮರಗಳ ಇಳಿಜಾರಲ್ಲಿ ತಟ್ಟನೆ ನಿಂತಳು.
ಇಲ್ಲಿ ಹುಲಿ ಹೊಟ್ಟೆ ಎಳೆದು ತೆವಳಿದ್ದು.
ಇಲ್ಲಿ ಹಂದಿ ಕೊನೆಯ ಸಲ ತಿರುಗಿದ್ದು.
ಇಲ್ಲಿ ಎರಡು ಮರಿ ಕೂತು ಕಾದ ಗುಣಿ,
ಮೈಬಿಸಿಗೆ ಕರಗಿ ಮತ್ತೆ ಹೆಪ್ಪಾಗಿ
ಒಳಗೆ ಗಾಜಿನ ಹೊಳಪು.
ಆಮೇಲೆ ಮೇಲುಗಡೆಯಿಂದ ಅಜ್ಜ ಇಳಿದದ್ದು,
ಅವಸರವಿಲ್ಲದೆ, ಹುಲಿಯ ಹೆಜ್ಜೆಯ ಒಳಗೇ ಹೆಜ್ಜೆಯಿಟ್ಟು,
ಹಿಮ ಮುರಿಯುವ ದಣಿವು ಮುಂದಿನವಳದಾಗಲಿ ಎಂಬಂತೆ.

ಆಮೇಲೆ ಓದಲಾಗದ ಪುಟ.
ಮುರಿದ ಸಸಿಗಳು. ಕಂದು ಕೂದಲು, ಚರ್ಮದ ಚೂರಿನ ಸಮೇತ.
ಕೆಂಗಿತ್ತಳೆ ಕೂದಲು, ಅದೂ ಹಾಗೆಯೇ.
ಓಕ್ ಕಾಂಡಕ್ಕೆ ನನ್ನ ಎದೆಯೆತ್ತರ ರಕ್ತ;
ಯಾರದೆಂದು ರಕ್ತ ಹೇಳುವುದಿಲ್ಲ.
ಅಲ್ಲಿಂದಾಚೆ ರಾತ್ರಿ ಬಿದ್ದ ಹೊಸ ಹಿಮ,
ಗುಡಿಸಿ ಸಾರಿಸಿಟ್ಟ ಅಂಗಳದ ಹಾಗೆ.

"ಗೆದ್ದದ್ದು ಯಾರು?"
ನನ್ನ ಪಟ್ಟಿಯಲ್ಲಿ ಅದಕ್ಕೆ ಖಾನೆ ಇರಲಿಲ್ಲ. ಆದರೂ ಕೇಳಿದೆ.
ಅಗ್ರಿಪ್ಪೀನಾ ಕೈಗವಸು ಕಳಚಿ ಹಿಮ ತಡವಿದಳು,
ಕಣ್ಣಿಲ್ಲದವರು ಮುಖ ತಡವುವಂತೆ.

ಇಂಥದೇ ಇಳಿಜಾರಲ್ಲಿ, ಮೂವತ್ತಾರು ವರ್ಷದ ಹಿಂದೆ,
ಸೇಬಲ್ ಬೇಟೆಗೆ ಹೋದ ಪ್ರೋಖೋರ್‌ನ
ಒಂದು ಬೂಟು, ಬಾಗಿದ ಬಂದೂಕು ಸಿಕ್ಕವಂತೆ.
ಆಗಲೂ ಹುಡುಕುವವರಿಗಿಂತ ಮೊದಲು ಹಿಮ ಬಂದಿತ್ತು.
ಕಚೇರಿಯವರು ಕಾರಣದ ಮುಂದೆ 'ಮೃಗ' ಎಂದು ಬರೆದರು.
"ಯಾವ ಮೃಗ ಅಂತ ಯಾರೂ ಕೇಳಲಿಲ್ಲ.
ನಾನು ಕೇಳುತ್ತಿದ್ದೆ, ಕಟ್ಟಿಗೆ ಒಡೆಯುವಾಗ, ಮೀನು ಸೀಳುವಾಗ.
ಒಂದು ವರ್ಷ ಅಂಬಾನನ್ನು ಬೈದೆ. ಮರುವರ್ಷ ಮಾಫಾನನ್ನು.
ನಿರಪರಾಧಿಗೆ ಎಷ್ಟು ಮುಟ್ಟಿತೋ.
ಆಮೇಲೆ ಎರಡರ ಹೆಜ್ಜೆಯನ್ನೂ ಕಲಿತೆ.
ಈ ಕಣಿವೆಯಲ್ಲಿ ನನ್ನಷ್ಟು ಓದುವವರಿಲ್ಲ ಈಗ.
ಆ ಒಂದು ದಿನದ್ದು ಬಿಟ್ಟು."

ಸ್ಪ್ರೂಸ್ ಮರದಡಿ, ಹೊಸ ಹಿಮ ಇಳಿಯದ ಜಾಗದಲ್ಲಿ
ಹೆಜ್ಜೆ ಮತ್ತೆ ಸಿಕ್ಕಿತು. ದೊಡ್ಡದೊಂದು, ಕುಂಟುತ್ತ.
ಪಕ್ಕದಲ್ಲಿ ಚಿಕ್ಕದು.
ಬಾಗಿ ಪೊಟ್ಟಣವಿಟ್ಟು ಅಳೆದಳು.
ಎರಡಕ್ಕೆ ಒಂದು ಕಡ್ಡಿಯಷ್ಟು ಕಡಿಮೆ.
"ಬರೆದುಕೋ, ಹೆಣ್ಣು ಒಂದು. ಮರಿ..."
ಎಂದವಳು ಎದ್ದು,
ಮರದ ಸುತ್ತ ಇನ್ನೊಮ್ಮೆ ಹೋಗಿಬಂದಳು,
ಮತ್ತೊಮ್ಮೆ, ಸ್ವಲ್ಪ ದೂರದಿಂದ.

ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು.
ಜೇಬಿನಲ್ಲಿ ಪೆನ್ಸಿಲ್ ಹುಡುಕುತ್ತ
ಆದಷ್ಟು ತಡಮಾಡಿದೆ.